ಹಣ್ಣಾದರೆ ಹೌದು, ಕಾಯಿಯಾದರೆ ಅಲ್ಲ

ಸಿದ್ದಗಂಗಮ್ಮ ಶಾಲೆಯ ನೆಲಕ್ಕೆ ಸಗಣಿ ಸಾರಿಸುತ್ತ, ಕುಕ್ಕರುಗಾಲಿನಲ್ಲೇ ಹಿಂದಕ್ಕೆ ಸರಿಯುತ್ತಿದ್ದಳು. ಇನ್ನೊಂದು ಗೇಣು ಸಾರಿಸಿದ್ದರೆ ಹೊಸಿಲು ಸಿಗುತ್ತಿತ್ತು, ಬೆಳಗಿನ ಆ ಕೆಲಸ ಮುಗಿಯುತ್ತಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಬೂಟಿನ ಸದ್ದು ಕೇಳಿಸಿತು. ಅವಳು ತಿರುಗುವ ಮೊದಲೇ ಒಬ್ಬ ಗಂಡಸು ಅವಳ ಪಕ್ಕದಿಂದ ದಾಟಿ ಒಳಗೆ ಹೋಗಿ, ಹಸಿ ನೆಲದ ನಟ್ಟನಡುವೆ ನಿಂತುಬಿಟ್ಟಿದ್ದ.

ಅವನ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಅದನ್ನು ಕಂಡದ್ದೇ, ಸಿಡುಬಿಗೆ ದಾಕು ಹಾಕುವವರು ಬಂದರೆಂದು ಕಾಫಿ ಗಿಡಗಳ ಸಂದಿಗೆ ನುಗ್ಗಿ ಮಾಯವಾದವು.

ಅವನು ಸುತ್ತಲೂ ನೋಡಿ, ಮೇಷ್ಟ್ರನ್ನು ಸ್ವಲ್ಪ ಕರೆಯುತ್ತೀಯೇನಮ್ಮ ಎಂದು ಕೇಳಿದ.

"ಕರೀತೀನಿ. ಮೊದಲು ನೀವು ಆಚೆ ಬನ್ನಿ. ಬಂದ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬನ್ನಿ, ಹೊಸದು ಮಾಡ್ಬೇಡಿ."

ಅವನು ಆಗ ನೆಲ ನೋಡಿದ. ನಾಲಿಗೆ ಕಚ್ಚಿಕೊಂಡ. ಪೆಟ್ಟಿಗೆಯನ್ನು ಎದೆಗವುಚಿಕೊಂಡು, ಗದ್ದೆಯ ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲೆತ್ತಿ ಇಡುತ್ತ ಹೊರಗೆ ಬಂದ. ಸಿದ್ದಗಂಗಮ್ಮ ಮತ್ತೆ ಒಳಗೆ ಹೋಗಿ ಅವನ ಒಂದೊಂದು ಹೆಜ್ಜೆಯನ್ನೂ ಅಂಗೈಯಿಂದ ಒರೆಸಿದಳು. ಹೊಸಿಲಿನವರೆಗೆ ಸಾರಿಸಿ ಮುಗಿಸಿ, ಹಂಡೆಯ ನೀರಿನಲ್ಲಿ ಕೈ ತೊಳೆದು, ಸೆರಗು ಸರಿಮಾಡಿಕೊಂಡು ಅವನೆದುರು ಬಂದು ನಿಂತಳು.

"ನಾನೇ ಮೇಷ್ಟ್ರು. ಏನಾಗ್ಬೇಕಿತ್ತು?"

ಅವನ ಕಿವಿ ತುದಿಯವರೆಗೂ ಕೆಂಪಾಯಿತು. ಗಂಡಸೊಬ್ಬನ ಕಿವಿಯನ್ನು ಹೀಗೆ ನೋಡುತ್ತ ನಿಂತದ್ದು ಅರಿವಾಗಿ, ಅವಳು ಬೇಗನೆ ಮಕ್ಕಳನ್ನು ಕೂಗಲು ಹೊರಟಳು.

ಅವನ ಹೆಸರು ಸೋಮಶೇಖರಪ್ಪ. ಮೈಸೂರಿನಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ ಕೆಲಸ. ಅವನ ಪ್ರೊಫೆಸರು ವಿಲಾಯಿತಿಯಲ್ಲಿ ಓದಿ ಬಂದವರು. ಮಗುವಿಗೆ ಎಷ್ಟು ಗೊತ್ತು ಎಂದು ಅಳೆದರೆ ಸಾಲದು, ವಿಜ್ಞಾನದ ಮೇಲೆ, ಕಲಿಕೆಯ ಮೇಲೆ ಅದಕ್ಕೆ ಮನಸ್ಸು ಎಷ್ಟಿದೆ ಎಂದೂ ಅಳೆಯಬೇಕು ಎನ್ನುವವರು. ಅದಕ್ಕಾಗಿ ಇವನನ್ನು ಮಲೆನಾಡಿನ ಶಾಲೆಗಳಿಗೆ ಕಳಿಸಿದ್ದರು. ಮೂಡಿಗೆರೆಯವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ, ಕೊನೆಗೆ ನಡಿಗೆ.

ಅಳೆದು ಏನು ಮಾಡುತ್ತೀರಿ ಎಂದು ಸಿದ್ದಗಂಗಮ್ಮ ಕೇಳಿದಳು. ಅವನು ನಿಜ ಹೇಳಿದ. ಮಕ್ಕಳಿಗೆ ಒಲವಿರುವ ಕಡೆ ಸರ್ಕಾರದ ಗ್ರಾಂಟು ಮುಂದುವರಿಯುತ್ತದೆ. ಇಲ್ಲದ ಕಡೆ ನಿಲ್ಲುತ್ತದೆ.

ಗ್ರಾಂಟು ನಿಂತರೆ ಆ ಶಾಲೆ ಉಳಿಯುತ್ತಿರಲಿಲ್ಲ. ಎಸ್ಟೇಟಿನ ಧಣಿ ಓಂಕಾರಪ್ಪನವರು ತಗಡಿನ ಶೆಡ್ಡೊಂದನ್ನು ಶಾಲೆಗೆಂದು ಬಿಟ್ಟುಕೊಟ್ಟಿದ್ದರು. ಮೇಷ್ಟ್ರ ಸಂಬಳ ಸರ್ಕಾರದ್ದು. ಕಾಫಿ ಹಣ್ಣಾದಾಗಲೆಲ್ಲ ಲೆಕ್ಕ ಬರೆಯುವ ರೈಟರ್ ಶೇಷಪ್ಪ ಬಂದು ಶೆಡ್ಡಿನ ಗೋಡೆ ತಟ್ಟಿ ನೋಡುತ್ತಿದ್ದ. ಪಾರ್ಚ್‌ಮೆಂಟು ಕಾಫಿ ಬೀಜ ತುಂಬಿಡಲು ಒಳ್ಳೆ ಜಾಗ, ಮಕ್ಕಳೂ ಕೊಯ್ಲಿಗಾದರೆ ಕೈಗೆ ಬರುತ್ತವೆ ಎಂದು ಹೇಳಿ ಹೋಗುತ್ತಿದ್ದ. ಶಾಲೆ ಮುಚ್ಚಿದ ಮಾರನೆಯ ದಿನ ಈ ಮಕ್ಕಳೆಲ್ಲ ಬುಟ್ಟಿ ಹಿಡಿಯಬೇಕು. ಮೊದಲು ಹಿಡಿಯುವವಳು ಯಲ್ಲಿ.

ಯಲ್ಲಿ ಎಂದರೆ ಕೂಲಿ ಭೂತಯ್ಯನ ಎಂಟು ವರ್ಷದ ಮಗಳು. ಹೋದ ವರ್ಷ ಹಣ್ಣು ಕುಯ್ಯುವ ಕಾಲದಲ್ಲಿ ಅವಳ ತಾಯಿ ರಾಮಮ್ಮ ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಹುಡುಗಿಯ ತಲೆ ಬಾಚುವುದು, ಹೇನು ತೆಗೆಯುವುದು, ಮಧ್ಯಾಹ್ನಕ್ಕೆ ಒಂದು ಮುದ್ದೆ ಹಾಕುವುದು ಸಿದ್ದಗಂಗಮ್ಮನದಾಗಿತ್ತು. ಭೂತಯ್ಯ ಮಗಳನ್ನು ಯಾರಿಗೂ ಬಿಟ್ಟುಕೊಡುವವನಲ್ಲ. ಇವಳು ಕೇಳಿದವಳೂ ಅಲ್ಲ. ತರೀಕೆರೆ ಕಡೆಯಿಂದ ಬಂದ ವಿಧವೆಗೆ ಇಷ್ಟು ಸಿಕ್ಕಿದ್ದೇ ಹೆಚ್ಚು ಎಂದುಕೊಂಡಿದ್ದಳು.

ಪಾಠದಲ್ಲಿ ಸೊಳ್ಳೆ, ಜ್ವರ, ಕ್ವಿನೈನು ಎಂದು ಬಂದಾಗಲೆಲ್ಲ ಯಲ್ಲಿ ಬಾಯಿ ತೆರೆಯುತ್ತಿದ್ದಳು. ಏನೋ ಕೇಳಬೇಕೆಂದು ತುಟಿ ಅಲುಗುತ್ತಿತ್ತು. ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದೇನು ಪ್ರಶ್ನೆ ಎಂದು ಸಿದ್ದಗಂಗಮ್ಮ ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಹೇಳಬೇಕಾಗುತ್ತಿತ್ತು. ಶೆಡ್ಡು ಧಣಿಗಳದ್ದು.

ಸೋಮಶೇಖರಪ್ಪ ಧಣಿಗಳ ಬಂಗಲೆಯ ಔಟ್‌ಹೌಸಿನಲ್ಲಿ ಇಳಿದುಕೊಂಡ. ಮೊದಲ ದಿನಗಳಲ್ಲಿ ಬರೀ ಕೂತು ನೋಡಿದ. ಮಕ್ಕಳಿಗಿಂತ ಮೇಷ್ಟ್ರನ್ನೇ ಹೆಚ್ಚು ನೋಡಿದ ಎಂದರೂ ತಪ್ಪಿಲ್ಲ. ಅವಳು ಹಲಗೆಯ ಕಡೆ ತಿರುಗಿದಾಗ ನೋಡುತ್ತಿದ್ದ, ಮಕ್ಕಳ ಕಡೆ ತಿರುಗಿದಾಗ ತೊಲೆ ನೋಡುತ್ತಿದ್ದ. ತೊಲೆಯಲ್ಲಿ ಅಂಥ ವಿಶೇಷವೇನಿದೆ ಎಂದು ಅವಳು ಒಂದು ದಿನ ಕೇಳಿದಳು. ಗೆದ್ದಲು ಹಿಡಿದಿದೆ ಎಂದ. ಅವಳಿಗೆ ನಗು ಬಂತು. ಬಳಪ ಹುಡುಕುವ ನೆಪದಲ್ಲಿ ಬಗ್ಗಿ ಅದನ್ನು ಮುಚ್ಚಿಕೊಂಡಳು. ಅವನು ತೊಲೆಯನ್ನೇ ನೋಡುತ್ತಿದ್ದ. ಆದರೆ ಅವನ ಕಿವಿ ಕೆಂಪಾಗಿತ್ತು.

ಅಳೆಯುವ ದಿನ ಬಂತು. ಈ ಮಕ್ಕಳಿಗೆ ಬರೆದು ಉತ್ತರ ಕೊಡುವಷ್ಟು ಅಕ್ಷರ ಕೂಡಿರಲಿಲ್ಲ. ಎಲ್ಲರೆದುರು ಬಾಯಿಬಿಟ್ಟು ಹೇಳಿ ಎಂದರೆ ಒಬ್ಬರನ್ನೊಬ್ಬರು ನೋಡಿ ಹೇಳುತ್ತಾರೆ. ಅದಕ್ಕೆ ಅವನೇ ಒಂದು ಉಪಾಯ ಹುಡುಕಿದ್ದ. ಗೋಣಿಯ ಮರೆಯಲ್ಲಿ ಒಂದು ಮಡಕೆ. ಪಕ್ಕದಲ್ಲಿ ಕಾಫಿಯ ಕೆಂಪು ಹಣ್ಣು ಒಂದು ಮೊರ, ಹಸಿರು ಕಾಯಿ ಒಂದು ಮೊರ. ಅವನು ಒಂದೊಂದು ಮಾತು ಹೇಳುತ್ತಾನೆ. ಅದು ತನ್ನ ಮನಸ್ಸಿಗೂ ಸರಿ ಎನಿಸಿದ ಮಗು ಮರೆಗೆ ಹೋಗಿ ಮಡಕೆಗೆ ಹಣ್ಣು ಹಾಕಬೇಕು. ಸರಿಯಲ್ಲ ಎನಿಸಿದರೆ ಕಾಯಿ.

ಮಕ್ಕಳ ಊರಿನ ವಸ್ತುವಿನಿಂದಲೇ ಮಕ್ಕಳ ಮನಸ್ಸು ತಿಳಿಯುವುದು ಎಷ್ಟು ಚೆಂದ ಎಂದು ಸಿದ್ದಗಂಗಮ್ಮನಿಗೂ ಅನಿಸಿತು.

ಮಳೆ ಹೇಗೆ ಬರುತ್ತದೆ ಎಂದು ತಿಳಿಯಲು ನನಗೆ ಆಸೆ ಎಂದ. ಮಕ್ಕಳು ಸಾಲಾಗಿ ಹೋಗಿ ಬಂದರು. ಮಡಕೆ ಬೋರಲು ಹಾಕಿದರೆ ಎಲ್ಲಾ ಹಣ್ಣು. ಗಿಡಮರದ ಪಾಠ ನನಗೆ ಇಷ್ಟ ಎಂದ. ಎಲ್ಲಾ ಹಣ್ಣು. ಅವನ ಮುಖ ಅರಳಿತು. ಶಾಲೆಗಿಂತ ತೋಟದ ಕೆಲಸವೇ ಮೇಲು ಎಂದ. ಎಲ್ಲಾ ಹಣ್ಣು. ಪಾಠ ಕೇಳಿದರೆ ನನಗೆ ಬೇಜಾರು ಎಂದ. ಮಡಕೆಯಿಂದ ಕೆಂಪು ಕೆಂಪಾಗಿ ಉರುಳಿ ಬಿದ್ದವು. ಕಾಯಿಯ ಮೊರವನ್ನು ಒಂದು ಮಗುವೂ ಮುಟ್ಟಿರಲಿಲ್ಲ.

ಮಕ್ಕಳು ಮನೆಗೆ ಹೋದ ಮೇಲೆ ಅವನು ಹಣ್ಣುಗಳನ್ನು ಮೊರಕ್ಕೆ ತುಂಬುತ್ತ, ಅವಳ ಮುಖ ನೋಡದೆ ಹೇಳಿದ.

"ಮೊದಲೇ ಹೇಳಿಕೊಟ್ಟಿದ್ರಿ ಅನ್ಸುತ್ತೆ. ಎಲ್ಲಕ್ಕೂ ಹೌದು ಅನ್ನಿ ಅಂತ."

ಅವಳು ಹಲಗೆ ಒರೆಸಿದಳು, ಚಾಪೆ ಸುತ್ತಿದಳು, ಬಾಗಿಲಿಗೆ ಚಿಲಕ ಹಾಕಿದಳು. ಮನೆಗೆ ಬಂದು ಒಲೆ ಹಚ್ಚಿ ಕೂತಾಗಲೇ ತಿಳಿದದ್ದು, ತನಗೆ ಇಷ್ಟು ನೋವಾಗಬೇಕಾದರೆ ಇಷ್ಟು ದಿನದಲ್ಲಿ ಏನೋ ನಡೆದುಹೋಗಿದೆ ಎಂದು.

ಅದೇ ಸಂಜೆ ಸೋಮಶೇಖರಪ್ಪ ಬೇಸರ ಕಳೆಯಲು ಕಣದ ಕಡೆ ಹೋಗಿದ್ದ. ಆಳುಗಳು ಕೊಯ್ದ ಹಣ್ಣನ್ನು ಸುರಿದು ಅಳೆಸುವ ಹೊತ್ತು. ಹೆಂಗಸರು ಬುಟ್ಟಿ ಇಳಿಸಿ ಸಾಲಾಗಿ ನಿಂತಿದ್ದರು. ಶಾಲೆ ಬಿಟ್ಟ ಮೇಲೆ ಜೊತೆಗೂಡಿದ ಮಕ್ಕಳೂ ಮಡಿಲಲ್ಲಿ ತಂದದ್ದನ್ನು ಸುರಿಯುತ್ತಿದ್ದರು. ಮೇಸ್ತ್ರಿ ಬೆತ್ತದ ತುದಿಯಿಂದ ರಾಶಿ ಕೆದಕಿ ಹಸಿರು ಕಾಯಿ ಹುಡುಕುತ್ತಿದ್ದ. ಸಿಕ್ಕಿದರೆ ಮಾತಿಲ್ಲ. ಕೈ ಮುಂದೆ ಚಾಚಬೇಕು, ಗೆಣ್ಣಿನ ಮೇಲೆ ಏಟು. ಯಲ್ಲಿ ತನ್ನ ಅಪ್ಪನ ಬುಟ್ಟಿಯ ಪಕ್ಕ ನಿಂತಿದ್ದಳು. ಅವಳ ಸರದಿಯಲ್ಲಿ ಒಂದು ಕಾಯಿ ಸಿಕ್ಕಿತು. ಯಾರೂ ಹೇಳದೆಯೇ ಕೈ ಚಾಚಿದಳು. ಏಟು ಬಿದ್ದಾಗ ಅಳಲೂ ಇಲ್ಲ.

ಅವನು ಹತ್ತಿರ ಹೋಗಿ ಆ ಪುಟ್ಟ ಕೈಯನ್ನು ಹಿಡಿದು ನೋಡಿದ. ಗೆಣ್ಣುಗಳ ಮೇಲೆ ಹಳೆಯ ಗಾಯದ ಗೆರೆಗಳಿದ್ದವು. ಹಸಿರು ಕಾಯಿ ಹಾಕು ಎಂದು ತಾನು ಬೆಳಿಗ್ಗೆ ಕೇಳಿದ್ದು ಈ ಕೈಯನ್ನು.

ಮರುದಿನ ಬೆಳಿಗ್ಗೆ ಹಾಜರಿ ಕರೆಯುವುದನ್ನೂ ನೋಡಿದ. ತಗಡು ಬಾರಿಸಿದ ಕೂಡಲೇ ಲೈನು ಮನೆಗಳಿಂದ ಆಳುಗಳು ಬಂದು ನಿಲ್ಲುತ್ತಿದ್ದರು. ರೈಟರ್ ಶೇಷಪ್ಪ ಹೆಸರು ಕೂಗಿ, ಓಗೊಟ್ಟವರ ಬಾಯಿಗೆ ಕ್ವಿನೈನು ಹಾಕುತ್ತಿದ್ದ. ಕೈಗೆ ಕೊಟ್ಟರೆ ಮಾರಿಕೊಳ್ಳುತ್ತಾರೆ ಎಂದು ಬಾಯಿಗೇ ಹಾಕುವ ಪದ್ಧತಿ. ಬಾರದವರ ಹೆಸರಿಗೆ ಸೊನ್ನೆ. ಲೈನಿನೊಳಗಿಂದ ಯಾರೋ ನರಳುವುದು ಕೇಳಿಸುತ್ತಿತ್ತು. ಶೇಷಪ್ಪ ಡಬ್ಬಿ ಮುಚ್ಚಿಕೊಂಡು ಬಂಗಲೆಯ ಕಡೆ ಹೋದ.

ಸೋಮಶೇಖರಪ್ಪ ಶಾಲೆಗೆ ಬಂದಾಗ ಸಿದ್ದಗಂಗಮ್ಮ ನೆಲ ಸಾರಿಸುತ್ತಿದ್ದಳು. ಅವನು ಅಂಗಳದಲ್ಲೇ ಬೂಟು ಬಿಚ್ಚಿಟ್ಟು ನಿಂತ. ಕಂಡದ್ದನ್ನೆಲ್ಲ ಹೇಳಿದ. ಅವಳ ಕೈ ನೆಲದ ಮೇಲೇ ನಿಂತುಹೋಯಿತು. ಈ ತೋಟದಲ್ಲಿ ಇಷ್ಟು ವರ್ಷ ಇದ್ದವಳು, ಆ ಗೆಣ್ಣುಗಳಿಗೆ ಎಣ್ಣೆ ಹಚ್ಚಿದವಳು, ಅವಳಿಗೂ ಹೊಳೆದಿರಲಿಲ್ಲ.

"ತಪ್ಪಾಯ್ತು ನನ್ನಿಂದ. ಮಕ್ಕಳಿಗೂ, ನಿಮಗೂ."

"ನನಗೆ ಮಾಡಿದ್ದಕ್ಕೆ ಸಂಜೆ ನೀರು ಹೊತ್ತು ಹಾಕಿ. ಮಕ್ಕಳದ್ದಕ್ಕೆ ಏನು ಮಾಡ್ತೀರೋ ನಂಗೊತ್ತಿಲ್ಲ" ಎಂದಳು.

ಅವನು ಸಂಜೆ ನಿಜವಾಗಿಯೂ ನೀರು ಹೊತ್ತ. ತೊರೆಯಿಂದ ಮನೆಗೆ ಬರುವಷ್ಟರಲ್ಲಿ ಕೊಡ ಅರ್ಧವಾಗಿತ್ತು, ಅಂಗಿ ನೆನೆದು ಹೋಗಿತ್ತು. ಸಿದ್ದಗಂಗಮ್ಮ ಕೊಡದೊಳಗೆ ಇಣುಕಿ, ಮೈಸೂರಿನವರು ಹೀಗೆಯೇ ಅಳೆಯುವುದೋ ಎಂದು ಕೇಳಿದಳು. ಯಲ್ಲಿ ಬಾಗಿಲ ಮರೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತಾಯಿ ಸತ್ತ ಮೇಲೆ ಆ ಹುಡುಗಿ ನಕ್ಕದ್ದನ್ನು ಸಿದ್ದಗಂಗಮ್ಮ ಕಂಡದ್ದು ಅದೇ ಮೊದಲು.

ಅವನು ಬೇರೆ ದಾರಿಯಲ್ಲಿ ಅಳೆಯಲು ನೋಡಿದ. ಹೌದು, ಅಲ್ಲ ಎನ್ನುವುದು ಬೇಡ. ಕಲಿಯುವ ಮನಸ್ಸಿರುವ ಮಗು ತಾನಾಗಿ ಪ್ರಶ್ನೆ ಕೇಳುತ್ತದೆ, ಅಷ್ಟನ್ನೇ ಕಾಯೋಣ ಎಂದ. ಬೆರಣಿಯ ಕೆಳಗಿನ ಹುಳು ತೋರಿಸಿದ, ಕನ್ನಡಿಯಿಂದ ಗೋಡೆಯ ಮೇಲೆ ಬಿಸಿಲು ಕುಣಿಸಿದ. ಮಕ್ಕಳ ಕಣ್ಣು ಹೊಳೆಯುತ್ತಿದ್ದವು. ಬಾಯಿ ತೆರೆಯುತ್ತಿರಲಿಲ್ಲ. ಲೈನಿನಲ್ಲಿ ಯಾಕೆ ಎಂದು ಕೇಳಿದವರಿಗೆ ಏನಾಗುತ್ತದೆ ಎಂದು ಅವಕ್ಕೆ ಹಾಲು ಕುಡಿಯುವಾಗಿನಿಂದ ಗೊತ್ತಿತ್ತು.

ಭಾನುವಾರ ಮಕ್ಕಳನ್ನು ಕರೆದುಕೊಂಡು ದೇವರಮನೆ ಗುಡ್ಡಕ್ಕೆ ಹೋದರು. ಎದುರಿಗೆ ಬರೀ ಹುಲ್ಲು, ಬರೀ ಗಾಳಿ. ಮಕ್ಕಳು ಇಳಿಜಾರಿನಲ್ಲಿ ಉರುಳಾಡತೊಡಗಿದವು. ಇವರಿಬ್ಬರು ಒಂದು ಬಂಡೆಯ ಮೇಲೆ ಕೂತರು, ನಡುವೆ ಊಟದ ಬುತ್ತಿ ಇಟ್ಟುಕೊಂಡು. ಗಾಳಿಗೆ ಅವಳ ಸೆರಗು ಹಾರಿ ಅವನ ಮೊಣಕೈಗೆ ತಾಗುತ್ತಿತ್ತು. ಅವಳು ಎಳೆದುಕೊಳ್ಳುತ್ತಿದ್ದಳು. ಅದು ಮತ್ತೆ ಹೋಗುತ್ತಿತ್ತು. ಕೊನೆಗೆ ಎಳೆದುಕೊಳ್ಳುವುದನ್ನು ಬಿಟ್ಟಳು.

"ಶನಿವಾರ ಧಣಿಗಳು ಶಾಲೆಗೆ ಬರ್ತಾರಂತೆ. ಅವ್ರೆದುರಿಗೆ ವರದಿ ಓದ್ಬೇಕು. ಅವ್ರ ಸಹಿ ಹಾಕಿಸ್ಕೊಂಡು ಮೈಸೂರಿಗೆ ಕಳಿಸ್ಬೇಕು. ಏನು ಬರೀಲಿ?"

"ಕಂಡಿದ್ದನ್ನ ಬರೀರಿ."

"ಕಂಡಿದ್ದನ್ನ ಬರೆದ್ರೆ, ಈ ಮಕ್ಕಳ ಮನಸ್ಸು ನನಗೆ ಸಿಗಲೇ ಇಲ್ಲ ಅಂತ ಬರೀಬೇಕು. ಗ್ರಾಂಟು ಹೋಗುತ್ತೆ. ಶಾಲೆ ಮುಚ್ಚುತ್ತೆ." ಅವನು ಹುಲ್ಲುಕಡ್ಡಿಯೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡ. "ಆಗ ನೀವು ನನ್ನ ಜೊತೆ ಬರಬಹುದು."

ಅವಳು ದೂರದ ಗುಡ್ಡದ ಸಾಲನ್ನು ನೋಡುತ್ತಿದ್ದಳು. ಅವರ ಜನದಲ್ಲಿ ಗಂಡ ಸತ್ತವಳಿಗೆ ಇನ್ನೊಬ್ಬನು ಸೀರೆ ಉಡಿಸಿ ಕೂಡಿಕೆ ಮಾಡಿಕೊಳ್ಳುವುದು ಉಂಟು. ಆದರೆ ಅದು ಮುತ್ತೈದೆಯರ ಕಣ್ಣಿಗೆ ಬೀಳದಂತೆ ನಡೆಯಬೇಕು. ಆಮೇಲೂ ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಬೇಕು. ಅವಳ ಮನಸ್ಸಿನಲ್ಲಿ ಓಡಿದ್ದು ಅವನಿಗೆ ತಿಳಿಯಿತೇನೋ.

"ನಮ್ಮಮ್ಮಂದೂ ಕೂಡಿಕೆಯೇ. ನಮ್ಮ ಮನೇಲಿ ನೀವು ಹಿಂದೆ ನಿಲ್ಲೋ ಹಾಗಿಲ್ಲ" ಎಂದ.

ಹೂಂ ಎನ್ನಲು ಅವಳ ಮೈಯೆಲ್ಲ ಸಿದ್ಧವಾಗಿತ್ತು. ಆದರೆ ಇಳಿಜಾರಿನಲ್ಲಿ ಯಲ್ಲಿ ನಿಂತು, ಇವರ ಕಡೆ ಕೈ ಬೀಸುತ್ತಿದ್ದಳು. ಗೆಣ್ಣಿನ ಗಾಯ ಇನ್ನೂ ಮಾಗಿರಲಿಲ್ಲ.

"ನನ್ನ ಸಂಸಾರ ಆಗೋಕೆ ಅವಳ ಶಾಲೆ ಮುರೀಬೇಕಾ?" ಎಂದಳು.

"ಅದಕ್ಕೇ ಕೇಳ್ತಿರೋದು, ಏನು ಬರೀಲಿ ಅಂತ."

"ಎಲ್ಲಾ ಹಣ್ಣೇ ಬಿತ್ತು ಅಂತ ಬರೀರಿ. ಒಳ್ಳೆ ಮಾತಿಗೆ ಬಿದ್ದಿದ್ದನ್ನ ಮಾತ್ರ ಬರೀರಿ. ಅದೇನು ಸುಳ್ಳಲ್ವಲ್ಲ."

"ಸುಳ್ಳಲ್ಲ. ನಿಜಾನೂ ಅಲ್ಲ."

"ಶಾಲೆ ಇದ್ರೆ ನಾನು ಇಲ್ಲೇ ಇರ್ತೀನಿ. ಅದು ನಿಮಗೆ ಗೊತ್ತಿರ್ಲಿ."

ಅವನು ಬೆರಳಿಗೆ ಸುತ್ತಿದ್ದ ಹುಲ್ಲನ್ನು ಬಿಚ್ಚಿ ಬಿಸಾಡಿದ.

"ಬರೀತೀನಿ" ಎಂದ.

ತನ್ನದನ್ನು ಕಳೆದುಕೊಂಡು ಯಾರೂ ಅವಳಿಗೆ ಏನನ್ನೂ ಕೊಟ್ಟಿರಲಿಲ್ಲ. ಬುತ್ತಿ ಬಿಚ್ಚಿ, ಅವನ ಪಾಲಿನ ರೊಟ್ಟಿಯ ಮೇಲೆ ಚಟ್ನಿ ಹಾಕಿ, ಎಲೆಯನ್ನು ಅವನ ಕಡೆ ತಳ್ಳಿದಳು. ಕೈ ಹಿಂದಕ್ಕೆ ತೆಗೆಯುವಾಗ ಒಂದು ಗಳಿಗೆ ಅವನ ಕೈ ಮೇಲೆ ಇಟ್ಟಳು. ಅವನು ಅಲುಗಾಡದೆ ಕೂತಿದ್ದ. ಆಮೇಲೆ ಮಕ್ಕಳು ಹಸಿವು ಎಂದು ಓಡಿಬಂದವು.

ಶನಿವಾರ ಓಂಕಾರಪ್ಪನವರು ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಮಕ್ಕಳಿಗೆಂದು ಪೆಪ್ಪರಮಿಂಟು ತಂದಿದ್ದರು. ತಾವೇ ಒಬ್ಬೊಬ್ಬರ ಕೈಗೆ ಹಾಕಿದರು. ರೈಟರ್ ಶೇಷಪ್ಪ ಕುರ್ಚಿಯ ಹಿಂದೆ ನಿಂತಿದ್ದ. ಸೋಮಶೇಖರಪ್ಪ ಮೇಜಿನ ಆ ಬದಿಯಲ್ಲಿ ನಿಂತು ವರದಿ ಓದಿದ. ಅವನ ದನಿ ಸಪ್ಪೆಯಾಗಿತ್ತು. ಈ ಶಾಲೆಯ ಮಕ್ಕಳಿಗೆ ವಿಜ್ಞಾನದ ಪಾಠಗಳಲ್ಲಿ ಬಹಳ ಒಲವು ಕಂಡುಬಂದಿದೆ ಎಂದು ಓದುವಾಗ ಸಿದ್ದಗಂಗಮ್ಮ ಕಿಟಕಿಯಾಚೆ ನೋಡಿದಳು.

ಧಣಿಗಳಿಗೆ ಸಂತೋಷವಾಯಿತು. ಚಿಕ್ಕಮಗಳೂರಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ವಿಷಯ ಇದು, ಶೆಡ್ಡು ಶಾಲೆಗೇ ಇರಲಿ, ಪಾರ್ಚ್‌ಮೆಂಟಿಗೆ ಬೇರೆ ಕಡೆ ನೋಡೋಣ ಎಂದು ಶೇಷಪ್ಪನಿಗೆ ಅಲ್ಲೇ ಹೇಳಿದರು. ಸಹಿ ಹಾಕಲು ಪೆನ್ನಿಗೆ ಕೈ ಚಾಚಿದರು. ಸೋಮಶೇಖರಪ್ಪ ಜೇಬಿನಿಂದ ಪೆನ್ನು ತೆಗೆದ.

"ಇಷ್ಟೆಲ್ಲ ವಿಜ್ಞಾನ ಕಲಿತಿದ್ದೀರಿ. ನನ್ನನ್ನ ಏನಾದ್ರೂ ಕೇಳ್ತೀರೇನ್ರಪ್ಪಾ?" ಎಂದು ಧಣಿಗಳು ನಗುತ್ತ ಮಕ್ಕಳ ಕಡೆ ತಿರುಗಿದರು. ದೊಡ್ಡವರು ಎದ್ದು ಹೋಗುವ ಮುಂಚೆ ಕೇಳುವ ಮಾತು ಅದು. ಯಾರೂ ಉತ್ತರ ಕಾಯುವುದಿಲ್ಲ.

ಯಲ್ಲಿ ಎದ್ದು ನಿಂತಳು.

ಅವಳ ತುಟಿ ಅಲುಗುತ್ತಿತ್ತು. ಶೇಷಪ್ಪ ಕುರ್ಚಿಯ ಹಿಂದಿನಿಂದ, ಕೂತ್ಕೊ ಎಂದು ಕಣ್ಣಲ್ಲೇ ಗದರಿಸಿದ. ಯಲ್ಲಿ ಅವನನ್ನು ನೋಡಲಿಲ್ಲ. ಧಣಿಗಳನ್ನೂ ನೋಡಲಿಲ್ಲ. ಅವಳು ನೋಡುತ್ತಿದ್ದುದು ಸಿದ್ದಗಂಗಮ್ಮನನ್ನು.

ಸಿದ್ದಗಂಗಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿದ್ದಳು. ಹೆಗಲ ಮೇಲೆ ಒಂದು ಬೆರಳಿಟ್ಟರೆ ಸಾಕು, ಹುಡುಗಿ ಕೂರುತ್ತಾಳೆ. ಕೂತರೆ ಸಹಿ ಬೀಳುತ್ತದೆ. ನಾಳೆಯೂ ಈ ನೆಲ ಸಾರಿಸಬಹುದು, ಈ ತಲೆಗಳನ್ನು ಬಾಚಬಹುದು, ಸೊಳ್ಳೆ, ಜ್ವರ, ಕ್ವಿನೈನು ಎಂದು ಪಾಠ ಹೇಳಬಹುದು. ಈ ತುಟಿ ಹೀಗೆಯೇ ತೆರೆದು ಮುಚ್ಚುವುದನ್ನು ಇನ್ನೂ ಎಷ್ಟೋ ವರ್ಷ ನೋಡಬಹುದು.

ಇಡೀ ಶಾಲೆಯಲ್ಲಿ ಒಂದು ಮಗು ತಾನಾಗಿ ಎದ್ದು ನಿಂತಿತ್ತು. ಇದಕ್ಕಾಗಿಯೇ ಅಲ್ಲವೇ ಇಷ್ಟು ವರ್ಷ ಬಳಪ ಹಿಡಿದದ್ದು.

ಅವಳು ಸೋಮಶೇಖರಪ್ಪನ ಕಡೆ ನೋಡಿದಳು. ಅವನ ಮುಖ ಬಿಳಿಚಿತ್ತು. ಅವನು ತೆಗೆದಿದ್ದ ಪೆನ್ನನ್ನು ನಿಧಾನವಾಗಿ ಜೇಬಿಗೆ ಸೇರಿಸಿದ. ಧಣಿಗಳ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಮೇಜನ್ನು ಸುತ್ತಿ ಬಂದು ಅವನು ಸಿದ್ದಗಂಗಮ್ಮನ ಪಕ್ಕದಲ್ಲಿ, ಅವಳ ಸೆರಗು ತಾಗುವಷ್ಟು ಹತ್ತಿರದಲ್ಲಿ ನಿಂತ.

"ಕೇಳು ಮಗಳೇ" ಎಂದಳು ಸಿದ್ದಗಂಗಮ್ಮ.

ಯಲ್ಲಿ ಧಣಿಗಳ ಕಡೆ ತಿರುಗಿದಳು. ಪೆಪ್ಪರಮಿಂಟು ಅವಳ ಮುಷ್ಟಿಯಲ್ಲಿ ಅಂಟಂಟಾಗಿ ಕರಗುತ್ತಿತ್ತು.

"ಕ್ವಿನೈನು ಜ್ವರ ಬಂದವ್ರಿಗೆ ಅಂತ ಅಕ್ಕೋರು ಹೇಳಿದ್ರು. ಎದ್ದು ಹಾಜರಿಗೆ ಬಂದವ್ರಿಗೆಲ್ಲ ಕೊಟ್ರಿ. ಏಳಾಕೇ ಆಗ್ದೆ ಮಲಗಿದ್ದ ನಮ್ಮವ್ವಂಗೆ ಯಾಕೆ ಕೊಡ್ಲಿಲ್ಲ?"